ಹಳೆಯ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಹೊಸದಕ್ಕೆ: ಬಿಚ್ಚುವ ಮೊದಲು, ಹಾಕಿದ ಮೇಲೆ

ಬಳ್ಳಾರಿ, ಸಿರುಗುಪ್ಪ, ಸಂಡೂರು ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. "ಹಳೇ ಲ್ಯಾಪ್‌ಟಾಪ್ ಕೆಟ್ಟಿದೆ, ಬೇರೆ ತಗೊಂಡಿದ್ದೀನಿ. ಹಳೇದರ ಹಾರ್ಡ್ ಡಿಸ್ಕ್ ತೆಗೆದು ಇದಕ್ಕೆ ಹಾಕಿದ್ರೆ ಎಲ್ಲಾ ಹಾಗೇ ಬರುತ್ತಾ?" ಕೇಳುವವರಲ್ಲಿ ಜೀನ್ಸ್ ಹೊಲಿಗೆ ಘಟಕದ ಲೆಕ್ಕ ನೋಡುವವರಿದ್ದಾರೆ. ಅಕ್ಕಿ ಗಿರಣಿಯ ಗುಮಾಸ್ತರಿದ್ದಾರೆ. ಮದುವೆ ಫೋಟೊ ತೆಗೆಯುವವರು, ಡಿಟಿಪಿ ಅಂಗಡಿಯವರು, ಪ್ರಾಜೆಕ್ಟ್ ವರದಿ ಅರ್ಧಕ್ಕೆ ನಿಂತ ವಿದ್ಯಾರ್ಥಿಗಳು ಇದ್ದಾರೆ. ಅಂಗೈಯಷ್ಟು ಡಿಸ್ಕ್‌ನಲ್ಲಿ ವರ್ಷಗಳ ದುಡಿಮೆ ಕೂತಿರುತ್ತದೆ. ಹಾಗಾಗಿ ಅವಸರ ಬೇಡ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಡಿಸ್ಕ್ ಆರೋಗ್ಯವಾಗಿದ್ದು, ಅದಕ್ಕೆ ವಿಂಡೋಸ್ ಬೀಗ ಹಾಕಿದ್ದರೆ (ಮೂರನೇ ಹಂತ ನೋಡಿ) ಆ ಬೀಗದ ಕೀ ನಿಮ್ಮ ಕೈಯಲ್ಲಿದ್ದರೆ ಫೈಲ್‌ಗಳು ಬರುತ್ತವೆ. ಹಳೆಯ ವಿಂಡೋಸ್, ಅದರಲ್ಲಿದ್ದ ತಂತ್ರಾಂಶಗಳು ಹೊಸ ಯಂತ್ರದಲ್ಲಿ ಹಾಗೇ ಓಡುತ್ತವೆ ಅನ್ನುವ ಭರವಸೆ ಇಲ್ಲ. ಓಡಿಸಲು ಹಟ ಹಿಡಿಯುವುದೂ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ಲ್ಯಾಪ್‌ಟಾಪ್‌ನಲ್ಲಿ ಅದರದೇ ವಿಂಡೋಸ್ ಇರಲಿ. ಹಳೆಯ ಡಿಸ್ಕ್ ಅದರ ಪಕ್ಕದಲ್ಲಿ ಫೈಲ್‌ಗಳ ಉಗ್ರಾಣವಾಗಿ ಇರಲಿ. ಈ ಲೇಖನ ಹೇಳುವುದು ಮುಖ್ಯವಾಗಿ ಆ ದಾರಿಯನ್ನೇ. ಹಳೆಯ ವಿಂಡೋಸ್ ಎಬ್ಬಿಸಲೇಬೇಕು ಅನ್ನುವವರಿಗೆ ಏಳನೇ ಹಂತ ಇದೆ.

ಬೇಕಾಗುವ ಸಾಮಾನು

ಪ್ಲಸ್ ತಲೆಯ ಚಿಕ್ಕ ಸ್ಕ್ರೂಡ್ರೈವರ್‌ಗಳು ಬೇಕು. ಪಿಎಚ್0 ಮತ್ತು ಪಿಎಚ್1 ಅಳತೆಯವು ಇದ್ದರೆ ಸಾಕು. ಹಿಂಬದಿಯ ಮುಚ್ಚಳ ಎಬ್ಬಿಸಲು ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿ ಬೇಕು. ಹಳೆಯ ಎಟಿಎಂ ಕಾರ್ಡ್ ನಡೆಯುತ್ತದೆ. ಲೋಹದ ಚಾಕು ಬೇಡ. ಸ್ಕ್ರೂ ಇಡಲು ಒಂದು ಬಟ್ಟಲು, ಒಂದು ಮೆತ್ತನೆಯ ಬ್ರಷ್ ಹತ್ತಿರ ಇಟ್ಟುಕೊಳ್ಳಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಯುಎಸ್‌ಬಿ ಎನ್‌ಕ್ಲೋಷರ್. ಡಿಸ್ಕ್ ಒಳಗಿಟ್ಟು ಯುಎಸ್‌ಬಿ ಮೂಲಕ ಜೋಡಿಸುವ ಚಿಕ್ಕ ಡಬ್ಬಿ ಇದು. ಕಂಪ್ಯೂಟರ್ ಅಂಗಡಿಯಲ್ಲಿ "ಹಾರ್ಡ್ ಡಿಸ್ಕ್ ಕೇಸಿಂಗ್" ಅಂದರೂ ತಿಳಿಯುತ್ತದೆ. ಯುಎಸ್‌ಬಿ 3.0 ಇರುವುದನ್ನೇ ಕೇಳಿ. ಹಳೆಯ 2.0 ಕೇಸಿಂಗ್‌ನಲ್ಲಿ 500 ಜಿಬಿ ನಕಲು ಮಾಡಲು ನಾಲ್ಕು ಗಂಟೆಗೂ ಜಾಸ್ತಿ ಹಿಡಿಯುತ್ತದೆ. 3.0 ಆದರೆ ಸಾಮಾನ್ಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಕೊಡುತ್ತದೆ. ಅದೇ ಕೆಲಸ ಒಂದೂವರೆ ಗಂಟೆಗೆ ಮುಗಿಯಬಹುದು. ಸಣ್ಣ ಸಣ್ಣ ಫೈಲ್‌ಗಳೇ ತುಂಬಿದ್ದರೆ ಇನ್ನೂ ಸ್ವಲ್ಪ ಜಾಸ್ತಿ.

ಹಂತ 1: ನಿಮ್ಮ ಡಿಸ್ಕ್ ಯಾವ ಜಾತಿಯದು?

ಇದನ್ನು ನೋಡದೆ ಕೇಸಿಂಗ್ ಕೊಂಡವರು ಅಂಗಡಿಗೆ ಎರಡು ಸಲ ಓಡುತ್ತಾರೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇಷ್ಟು.

ಮೊದಲನೆಯದು 2.5 ಇಂಚಿನ ಸಾಟಾ ಡಿಸ್ಕ್. ಸಾಟಾ ಅಂದರೆ ಡಿಸ್ಕ್ ಮತ್ತು ಮದರ್‌ಬೋರ್ಡ್ (ಲ್ಯಾಪ್‌ಟಾಪ್‌ನ ಮುಖ್ಯ ಬೋರ್ಡ್) ನಡುವಿನ ಜೋಡಣೆಯ ಒಂದು ಬಗೆ. ತುದಿಯಲ್ಲಿ ಎರಡು ಚಪ್ಪಟೆ ನಾಲಗೆಗಳಿರುತ್ತವೆ. ಚಿಕ್ಕದು ದತ್ತಾಂಶಕ್ಕೆ, ಉದ್ದನೆಯದು ವಿದ್ಯುತ್ತಿಗೆ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಆಗಲಿ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಆಗಲಿ, ಇದೇ ಆಕಾರದಲ್ಲಿ ಬರುತ್ತದೆ. ಇದರ ದಪ್ಪ ಅಳೆದುಕೊಳ್ಳಿ. 7 ಮಿಲಿಮೀಟರ್ ಇರಬಹುದು, 9.5 ಇರಬಹುದು. ಹಳೆಯ ಡಿಸ್ಕ್‌ಗಳು ಹೆಚ್ಚಾಗಿ 9.5. ತೆಳ್ಳಗಿನ ಲ್ಯಾಪ್‌ಟಾಪ್‌ಗೆ ಅದು ಹಿಡಿಸುವುದೇ ಇಲ್ಲ.

ಎರಡನೆಯದು ಎಂ.2. ಚೂಯಿಂಗ್ ಗಮ್ ಪಟ್ಟಿಯ ಹಾಗೆ ಕಾಣುವ ಉದ್ದನೆಯ ಚಿಕ್ಕ ಹಲಗೆ. ಅದರ ಮೇಲೆ 2280 ಅಂತ ಬರೆದಿದ್ದರೆ ಅಗಲ 22, ಉದ್ದ 80 ಮಿಲಿಮೀಟರ್ ಎಂದರ್ಥ. 2242, 2230 ಅಂತಲೂ ಇವೆ. ಇಲ್ಲೊಂದು ದೊಡ್ಡ ಗೊಂದಲ ಇದೆ. ಆಕಾರ ಒಂದೇ ಆದರೂ ಒಳಗಿನ ಭಾಷೆ ಎರಡು ಬಗೆ. ಕೆಲವು ಸಾಟಾ, ಕೆಲವು ಎನ್‌ವಿಎಂಇ. ಚಿನ್ನದ ಬಣ್ಣದ ತುದಿಯಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ, ಒಂದೇ ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ. ಆದರೆ ಕಚ್ಚನ್ನೇ ನಂಬಬೇಡಿ, ಲೇಬಲ್ ಓದಿ. ಒಂದರ ಕೇಸಿಂಗ್‌ನಲ್ಲಿ ಇನ್ನೊಂದು ಕೆಲಸ ಮಾಡುವುದಿಲ್ಲ. ಎರಡಕ್ಕೂ ಆಗುವ ಕೇಸಿಂಗ್ ಬೇರೆಯೇ ಬರುತ್ತದೆ.

ಇನ್ನು ತುಂಬಾ ಹಳೆಯ ಲ್ಯಾಪ್‌ಟಾಪ್ ಆಗಿದ್ದರೆ ಎರಡು ಸಾಲು ಸೂಜಿಗಳಿರುವ ಐಡಿಇ ಡಿಸ್ಕ್ ಇರಬಹುದು. ಅದು ಇವತ್ತಿನ ಯಾವ ಲ್ಯಾಪ್‌ಟಾಪ್ ಒಳಗೂ ಹೋಗದು. ಐಡಿಇ ಕೇಸಿಂಗ್ ಹುಡುಕಿ ಫೈಲ್ ತೆಗೆದುಕೊಳ್ಳುವುದೊಂದೇ ದಾರಿ. ಕಡಿಮೆ ಬೆಲೆಯ ಕೆಲವು ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಇಎಂಎಂಸಿ ಎಂಬ ಸಂಗ್ರಹ ಇರುತ್ತದೆ. ಅದನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ತೆಗೆಯಲು ಬರುವುದಿಲ್ಲ.

ಹಂತ 2: ಹೊಸದರಲ್ಲಿ ಜಾಗ ಇದೆಯಾ?

ಈಗ ಬರುವ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ 2.5 ಇಂಚಿನ ಜಾಗವೇ ಇರುವುದಿಲ್ಲ. ಒಂದು ಅಥವಾ ಎರಡು ಎಂ.2 ಕಂಡಿ ಮಾತ್ರ. ಹಾಗಿದ್ದರೆ ಹಳೆಯ ಡಿಸ್ಕ್ ಒಳಗೆ ಹೋಗದು, ಕೇಸಿಂಗ್‌ನಲ್ಲೇ ಇರಬೇಕು. ಇದರಲ್ಲಿ ನಷ್ಟವೇನೂ ಇಲ್ಲ.

ಲ್ಯಾಪ್‌ಟಾಪ್‌ನ ತಳದಲ್ಲಿ ಪೂರ್ತಿ ಮಾಡೆಲ್ ಸಂಖ್ಯೆ ಇರುತ್ತದೆ. ಅದನ್ನು ಹಾಕಿ ಕಂಪನಿಯ ಸರ್ವಿಸ್ ಕೈಪಿಡಿ ಹುಡುಕಿ. ಒಳಗಿನ ಚಿತ್ರ ಅದರಲ್ಲಿ ಇರುತ್ತದೆ. ಎರಡು ಸಂಗತಿ ಗಮನಿಸಿ. ಒಂದೇ ಮಾಡೆಲ್‌ನಲ್ಲಿ ದೊಡ್ಡ ಬ್ಯಾಟರಿ ಇರುವ ಆವೃತ್ತಿ ಬಂದಿದ್ದರೆ, ಡಿಸ್ಕ್‌ನ ಜಾಗವನ್ನು ಬ್ಯಾಟರಿಯೇ ತಿಂದಿರಬಹುದು. ಜಾಗ ಖಾಲಿ ಇದ್ದರೂ ಡಿಸ್ಕ್ ಜೋಡಿಸುವ ಪಟ್ಟಿ ಕೇಬಲ್, ಹಿಡಿದಿಡುವ ಚೌಕಟ್ಟು ಕಂಪನಿ ಕೊಟ್ಟಿರದೇ ಇರಬಹುದು. ಅವು ಆಯಾ ಮಾಡೆಲ್‌ಗೇ ಬೇರೆ ಬೇರೆ. ಬಳ್ಳಾರಿ ಪೇಟೆಯಲ್ಲಿ ಸಿಗದಿದ್ದರೆ ಮಾಡೆಲ್ ಸಂಖ್ಯೆ ಹೇಳಿ ತರಿಸಬೇಕು. ಇದಕ್ಕೆ ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಕೇಸಿಂಗ್‌ನಲ್ಲಿ ಕೆಲಸ ಸಾಗಲಿ.

ಹೊಸ ಲ್ಯಾಪ್‌ಟಾಪ್ ವಾರಂಟಿಯಲ್ಲಿದ್ದರೆ ಮುಚ್ಚಳ ತೆಗೆಯುವ ಮುಂಚೆ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ಕೇಳಿ. ಕಂಪನಿಯಿಂದ ಕಂಪನಿಗೆ ನಿಯಮ ಬೇರೆ.

ಹಂತ 3: ಹಳೆಯದು ಇನ್ನೂ ಓಡುತ್ತಿದ್ದರೆ, ಬಿಚ್ಚುವ ಮೊದಲು

ಪರದೆ ಒಡೆದಿದೆ, ಕೀಬೋರ್ಡ್ ಕೆಟ್ಟಿದೆ, ಆದರೆ ಆನ್ ಆಗುತ್ತದೆ ಅಂತಿದ್ದರೆ ನೀವು ಪುಣ್ಯವಂತರು. ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿ, ಯುಎಸ್‌ಬಿ ಕೀಬೋರ್ಡ್ ಹಾಕಿ, ಈ ಕೆಲಸಗಳನ್ನು ಮುಗಿಸಿ.

ಬಿಟ್‌ಲಾಕರ್: ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಬಿಟ್‌ಲಾಕರ್ ಅಂದರೆ ಡಿಸ್ಕ್‌ನಲ್ಲಿ ಇರುವುದನ್ನೆಲ್ಲಾ ಗುಟ್ಟು ಲಿಪಿಗೆ ಬದಲಿಸಿ ಇಡುವ ವಿಂಡೋಸ್‌ನ ಬೀಗ. ಅದರ ಕೀ ಹಳೆಯ ಲ್ಯಾಪ್‌ಟಾಪ್‌ನ ಟಿಪಿಎಂ ಎಂಬ ಭದ್ರತಾ ಚಿಪ್‌ನಲ್ಲಿ ಇರುತ್ತದೆ. ಡಿಸ್ಕ್ ಬೇರೆ ಯಂತ್ರಕ್ಕೆ ಹೋದ ಕೂಡಲೇ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಫೈಲ್ ಇಲ್ಲ. ಯಾವ ಅಂಗಡಿಯವರೂ, ಯಾವ ಕಂಪನಿಯೂ ತೆಗೆದುಕೊಡಲಾರರು. "ನಾನು ಅದನ್ನ ಹಾಕೇ ಇಲ್ಲ" ಅನ್ನುತ್ತಾರೆ ಅನೇಕರು. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದ ಅನೇಕ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಹೆಸರಿನಲ್ಲಿ ಅದು ತಾನಾಗೇ ಚಾಲೂ ಆಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ ವಿಭಾಗ ತೆರೆದು ನೋಡಿ. ಚಾಲೂ ಇದ್ದರೆ ಆಫ್ ಮಾಡಿ. ಬೀಗ ಪೂರ್ತಿ ಬಿಚ್ಚಲು ಗಂಟೆಗಟ್ಟಲೆ ಹಿಡಿಯಬಹುದು. ಚಾರ್ಜರ್ ಹಾಕಿಟ್ಟು, ಮುಗಿಯುವ ತನಕ ಕಾಯಿರಿ.

ಹಳೆಯದು ಸತ್ತೇ ಹೋಗಿದ್ದರೆ? ಬೇರೆ ಕಂಪ್ಯೂಟರ್‌ನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ. ಸಾಧನಗಳ ಪಟ್ಟಿಯಲ್ಲಿ ಹಳೆಯ ಲ್ಯಾಪ್‌ಟಾಪ್‌ನ ಹೆಸರಿನ ಜೊತೆ ರಿಕವರಿ ಕೀ ಸಿಗುತ್ತದೆ. ಒಂದಕ್ಕಿಂತ ಜಾಸ್ತಿ ಕೀ ಇದ್ದರೆ ಪರದೆ ಮೇಲೆ ಕಾಣುವ ಕೀ ಐಡಿಯ ಮೊದಲ ಎಂಟು ಅಕ್ಷರ ಹೋಲಿಸಿ ಸರಿಯಾದದ್ದನ್ನು ಆರಿಸಿ. ಲ್ಯಾಪ್‌ಟಾಪ್ ಮೊದಲು ಸಿದ್ಧಮಾಡಿಕೊಟ್ಟವರು ತಮ್ಮದೇ ಖಾತೆ ಹಾಕಿದ್ದರೆ ಕೀ ಅವರ ಖಾತೆಯಲ್ಲಿ ಇರುತ್ತದೆ. ಮಗನ ಖಾತೆ, ಅಂಗಡಿಯವರ ಖಾತೆ, ಎಲ್ಲಾ ಕೇಳಿ ನೋಡಿ. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಅಲ್ಲಿನ ಐಟಿ ವಿಭಾಗದಲ್ಲಿ ಇರುತ್ತದೆ.

ಬ್ರೌಸರ್‌ನ ಪಾಸ್‌ವರ್ಡ್‌ಗಳು: ಕ್ರೋಮ್ ಉಳಿಸಿಟ್ಟ ಪಾಸ್‌ವರ್ಡ್‌ಗಳು ಆ ವಿಂಡೋಸ್ ಬಳಕೆದಾರರಿಗೇ ಕಟ್ಟಿದ ಬೀಗದಲ್ಲಿ ಇರುತ್ತವೆ. ಫೋಲ್ಡರ್ ನಕಲು ಮಾಡಿದರೆ ಹೊಸ ಕಡೆ ತೆರೆಯುವುದಿಲ್ಲ. ಈಗಲೇ ಗೂಗಲ್ ಖಾತೆಗೆ ಸಿಂಕ್ ಮಾಡಿ.

ಟ್ಯಾಲಿ: ಲೆಕ್ಕದವರಿಗೆ ಇದು ಮುಖ್ಯ. ಟ್ಯಾಲಿ ಲೈಸೆನ್ಸ್ ಒಂದು ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಹಳೆಯದರಲ್ಲೇ ಸರೆಂಡರ್ ಲೈಸೆನ್ಸ್ ಮಾಡಿ, ಆಮೇಲೆ ಹೊಸದರಲ್ಲಿ ಆಕ್ಟಿವೇಟ್ ಮಾಡಿ. ಡೇಟಾ ಫೋಲ್ಡರ್ ಎಲ್ಲಿದೆ ಅನ್ನುವ ದಾರಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಕೊನೆಗೆ ಕಂಪ್ಯೂಟರ್ ಆಫ್ ಮಾಡುವಾಗ ಶಿಫ್ಟ್ ಕೀ ಒತ್ತಿ ಹಿಡಿದು ಶಟ್ ಡೌನ್ ಒತ್ತಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಮಾಮೂಲಿ ಶಟ್ ಡೌನ್‌ನಲ್ಲಿ ಯಂತ್ರವನ್ನು ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ರೆಗೆ ತಳ್ಳುತ್ತದೆ. ಆ ಸ್ಥಿತಿಯಲ್ಲಿ ತೆಗೆದ ಡಿಸ್ಕ್ ಬೇರೆ ಕಡೆ ತಕರಾರು ಮಾಡುತ್ತದೆ.

ಹಂತ 4: ಬಿಚ್ಚುವುದು

ಚಾರ್ಜರ್ ತೆಗೆಯಿರಿ. ಹೊರಗೆ ಬರುವ ಬ್ಯಾಟರಿ ಇದ್ದರೆ ತೆಗೆಯಿರಿ. ಒಳಗಿನ ಬ್ಯಾಟರಿ ಆಗಿದ್ದರೆ ಮುಚ್ಚಳ ತೆಗೆದ ಕೂಡಲೇ ಮೊದಲು ಅದರ ಕನೆಕ್ಟರ್ ಬಿಡಿಸಿ, ಆಮೇಲೆ ಬೇರೆ ಕೆಲಸ. ಆಮೇಲೆ ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಚೂರುಪಾರು ವಿದ್ಯುತ್ತೂ ಖಾಲಿಯಾಗುತ್ತದೆ.

ನಮ್ಮ ಕಡೆ ಫೆಬ್ರವರಿಯಿಂದ ಗಾಳಿ ಒಣಗಿರುತ್ತದೆ. ಪಾಲಿಯೆಸ್ಟರ್ ಬಟ್ಟೆ ಮುಟ್ಟಿದರೆ ಚಟ್ ಅನ್ನುತ್ತದೆ ಅಲ್ವಾ, ಅದೇ ಸ್ಥಿರ ವಿದ್ಯುತ್. ನಮಗೆ ಚುರುಕ್ ಅನ್ನಿಸಿ ಹೋಗುವ ಅದು ಚಿಪ್‌ಗೆ ಪ್ರಾಣಾಂತಕ. ಹತ್ತಿ ಬಟ್ಟೆ ತೊಟ್ಟುಕೊಳ್ಳಿ. ಕಂಬಳಿ, ಹಾಸಿಗೆ ಮೇಲೆ ಕೆಲಸ ಮಾಡಬೇಡಿ, ಮರದ ಮೇಜು ಒಳ್ಳೆಯದು. ಒಳಗೆ ಕೈ ಹಾಕುವ ಮೊದಲು ಕಿಟಕಿಯ ಬಣ್ಣ ಹಚ್ಚದ ಕಬ್ಬಿಣವನ್ನೋ ನೀರಿನ ಲೋಹದ ನಲ್ಲಿಯನ್ನೋ ಮುಟ್ಟಿ. ಆಗಾಗ ಮುಟ್ಟುತ್ತಿರಿ. ಕೈ ಒದ್ದೆ ಇರಬಾರದು.

ಎಲ್ಲಾ ಸ್ಕ್ರೂ ತೆಗೆದರೂ ಮುಚ್ಚಳ ಬಾರದಿದ್ದರೆ ಬಲ ಹಾಕಬೇಡಿ. ರಬ್ಬರ್ ಕಾಲಿನ ಕೆಳಗೆ, ಸ್ಟಿಕ್ಕರ್ ಕೆಳಗೆ ಇನ್ನೊಂದು ಅಡಗಿರುತ್ತದೆ. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಉದ್ದದ್ದನ್ನು ಗಿಡ್ಡ ಸ್ಕ್ರೂ ಜಾಗಕ್ಕೆ ಹಾಕಿದರೆ ಮೇಲ್ಭಾಗ ತೂತಾಗುತ್ತದೆ ಅಥವಾ ಬೋರ್ಡ್ ಸೀಳುತ್ತದೆ. ಕಾಗದದ ಮೇಲೆ ಲ್ಯಾಪ್‌ಟಾಪ್‌ನ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಆಯಾ ಜಾಗದಲ್ಲೇ ಚುಚ್ಚಿಡಿ. ಪ್ರತಿ ಹಂತದಲ್ಲೂ ಫೋನ್‌ನಲ್ಲಿ ಫೋಟೊ ತೆಗೆಯಿರಿ.

2.5 ಇಂಚಿನ ಡಿಸ್ಕ್ ಆದರೆ ಅದು ಒಂದು ಲೋಹದ ಚೌಕಟ್ಟಿನಲ್ಲಿ ಕೂತಿರುತ್ತದೆ. ಕನೆಕ್ಟರ್‌ನಿಂದ ಅಡ್ಡಕ್ಕೆ ಎಳೆದು ಬಿಡಿಸಿ, ಮೇಲಕ್ಕೆ ಎತ್ತಬೇಡಿ. ಎತ್ತಿದರೆ ಪ್ಲಾಸ್ಟಿಕ್ ನಾಲಗೆ ಮುರಿಯುತ್ತದೆ, ಆಮೇಲೆ ರಿಪೇರಿ ಕಷ್ಟ. ಎಂ.2 ಆದರೆ ತುದಿಯ ಒಂದು ಚಿಕ್ಕ ಸ್ಕ್ರೂ ತೆಗೆಯಿರಿ. ಹಲಗೆ ತಾನೇ ಓರೆಯಾಗಿ ಮೇಲೇಳುತ್ತದೆ. ಅದೇ ಓರೆಯಲ್ಲಿ ಹೊರಗೆಳೆಯಿರಿ.

ಜೀನ್ಸ್ ಘಟಕ, ಗಿರಣಿ, ಗಣಿ ಭಾಗದಲ್ಲಿ ಬಳಸಿದ ಲ್ಯಾಪ್‌ಟಾಪ್ ತೆರೆದರೆ ಫ್ಯಾನ್ ತುಂಬಾ ನೂಲಿನ ಚೂರು, ಹೊಟ್ಟು, ಕೆಂಪು ದೂಳು ಇರುತ್ತದೆ. ಬದಲಿಗೆ ತಂದದ್ದು ಸೆಕೆಂಡ್ ಹ್ಯಾಂಡ್ ಆಗಿದ್ದರೆ, ಅದನ್ನು ತೆರೆದಾಗಲೇ ಬ್ರಷ್‌ನಿಂದ ಫ್ಯಾನ್ ಚೊಕ್ಕ ಮಾಡಿಬಿಡಿ. ರೆಕ್ಕೆ ತಿರುಗದಂತೆ ಒಂದು ಬೆರಳಿನಿಂದ ಹಿಡಿದುಕೊಳ್ಳಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಡಿಸ್ಕ್ ಬಾಳಿಕೆಗೆ ಇದೂ ಒಂದು ಉಪಕಾರ.

ತೆಗೆದ ಡಿಸ್ಕ್ ಬೇರೆ ಊರಿಗೆ ಒಯ್ಯುವುದಿದ್ದರೆ ಮೆತ್ತನೆಯ ಬಟ್ಟೆ ಸುತ್ತಿ ಗಟ್ಟಿ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಳ್ಳಿ. ಬಿಸಿಲಿಗೆ ನಿಂತ ಕಾರಿನೊಳಗೆ ಬಿಡಬೇಡಿ.

ಹಂತ 5: ಮೊದಲು ಹೊರಗಿನಿಂದ ಜೋಡಿಸಿ, ಫೈಲ್ ತೆಗೆದುಕೊಳ್ಳಿ

ಹೊಸ ಲ್ಯಾಪ್‌ಟಾಪ್‌ನಲ್ಲಿ ಜಾಗ ಇದ್ದರೂ ನೇರ ಒಳಗೆ ಹಾಕಬೇಡಿ. ಮೊದಲು ಕೇಸಿಂಗ್‌ನಲ್ಲಿಟ್ಟು ಜೋಡಿಸಿ. ಏಕೆಂದರೆ ಡಿಸ್ಕ್ ಬದುಕಿದೆಯಾ, ಎಷ್ಟು ದಿನ ಬದುಕುತ್ತೆ ಅನ್ನುವುದು ಈಗ ತಿಳಿಯುತ್ತದೆ.

ಕಿವಿ ಕೊಟ್ಟು ಕೇಳಿ. ಹಾರ್ಡ್ ಡಿಸ್ಕ್ ಟಕ್, ಟಕ್, ಟಕ್ ಎಂದು ಒಂದೇ ಲಯದಲ್ಲಿ ಬಡಿದರೆ ತಕ್ಷಣ ತೆಗೆದುಬಿಡಿ. ಒಳಗಿನ ಓದುವ ತಲೆ ಕೆಟ್ಟಿದೆ ಎಂಬ ಸೂಚನೆ ಅದು. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ತಟ್ಟೆ ಗೀಚಿ ಹೋಗುತ್ತದೆ. ಫೈಲ್‌ಗಳು ಅಮೂಲ್ಯ ಆಗಿದ್ದರೆ ಡೇಟಾ ರಿಕವರಿ ಮಾಡುವವರ ಬಳಿಗೆ ಹೋಗಬೇಕು. ಮನೆಯಲ್ಲಿ ಡಿಸ್ಕ್‌ನ ಮುಚ್ಚಳ ತೆರೆಯುವುದು, ಫ್ರೀಜರ್‌ನಲ್ಲಿಡುವುದು ಯಾವುದೂ ಬೇಡ. ಬರೀ ತಿರುಗಲು ಶುರುವಾಗಿ ನಿಲ್ಲುತ್ತಿದ್ದರೆ ವಿದ್ಯುತ್ ಸಾಲದೆ ಇರಬಹುದು. ಯುಎಸ್‌ಬಿ 2.0 ಕೊಡುವುದು 500 ಮಿಲಿಆಂಪಿಯರ್ ಮಾತ್ರ, 3.0 ಕೊಡುವುದು 900. ನೀಲಿ ಬಣ್ಣದ 3.0 ಕಂಡಿಗೆ ಹಾಕಿ ನೋಡಿ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಿಂದ ಡಿಸ್ಕ್‌ನ ಆರೋಗ್ಯ ನೋಡಬಹುದು. ಗುಡ್ ಅಂತ ನೀಲಿ ಬಣ್ಣದಲ್ಲಿ ತೋರಿಸಿದರೆ ಸಮಾಧಾನ. ಕಾಶನ್ ಅಂತ ಹಳದಿ ಬಂದರೆ ಕೆಲವು ಭಾಗಗಳು ಓದಲು ಬರುತ್ತಿಲ್ಲ ಅಥವಾ ಬದಲಿ ಜಾಗಕ್ಕೆ ಹೋಗಿವೆ ಎಂದರ್ಥ. ಅಂಥ ಡಿಸ್ಕ್‌ನಿಂದ ಫೈಲ್ ತೆಗೆದುಕೊಳ್ಳಿ, ಆದರೆ ಹೊಸ ಲ್ಯಾಪ್‌ಟಾಪ್‌ಗೆ ಹಾಕಬೇಡಿ.

ಈಗ ಎಚ್ಚರದ ಮಾತು. ಡಿಸ್ಕ್ ಜೋಡಿಸಿದಾಗ ವಿಂಡೋಸ್ "ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು" ಎಂದೋ "ಇನಿಷಿಯಲೈಸ್ ಮಾಡಬೇಕು" ಎಂದೋ ಕೇಳಬಹುದು. ಕ್ಯಾನ್ಸಲ್ ಒತ್ತಿ. ಹೂಂ ಅಂದಿರೋ, ಇದ್ದದ್ದನ್ನೂ ಕಳೆದುಕೊಳ್ಳುವ ದಾರಿ ಶುರುವಾಯಿತು. ಈ ಸಂದೇಶ ಬರಲು ಕಾರಣ ಹಲವು. ಡಿಸ್ಕ್ ಲಿನಕ್ಸ್‌ನದಾಗಿದ್ದರೆ ವಿಂಡೋಸ್‌ಗೆ ಓದಲು ಬರುವುದಿಲ್ಲ. ಕೇಸಿಂಗ್ ಸರಿಯಿಲ್ಲದೆಯೂ ಹೀಗಾಗಬಹುದು. ಡಿಸ್ಕ್‌ನಲ್ಲಿ ದೋಷ ಇದ್ದರೂ ಆಗಬಹುದು. ಬೇರೆ ಕೇಸಿಂಗ್, ಬೇರೆ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ.

ಏನೂ ಕಾಣಿಸದಿದ್ದರೆ ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಅಲ್ಲಿ ಡಿಸ್ಕ್ ಇದ್ದು, ಬರೀ ಡ್ರೈವ್ ಅಕ್ಷರ ಇಲ್ಲದಿರಬಹುದು. ಬಲ ಕ್ಲಿಕ್ ಮಾಡಿ ಒಂದು ಅಕ್ಷರ ಕೊಟ್ಟರೆ ಆಯಿತು.

ಇನ್ನು ನಕಲು. ಹಳೆಯ ಸಿ ಡ್ರೈವ್ ಈಗ ಇ ಅಥವಾ ಎಫ್ ಎಂದು ಕಾಣುತ್ತದೆ. ಅದರ ಯೂಸರ್ಸ್ ಫೋಲ್ಡರ್‌ನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ತೆರೆಯಿರಿ. "ನಿಮಗೆ ಅನುಮತಿ ಇಲ್ಲ" ಅಂದರೆ ಗಾಬರಿ ಬೇಡ, ಕಂಟಿನ್ಯೂ ಒತ್ತಿ, ಸ್ವಲ್ಪ ಕಾಯಿರಿ. ಹಳೆಯ ವಿಂಡೋಸ್‌ನ ಲಾಗಿನ್ ಪಾಸ್‌ವರ್ಡ್ ಇದಕ್ಕೆ ಬೇಕಿಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲಾ ಅಲ್ಲಿವೆ. ಡೆಸ್ಕ್‌ಟಾಪ್ ಖಾಲಿ ಕಂಡರೆ ಒನ್‌ಡ್ರೈವ್ ಫೋಲ್ಡರ್ ಒಳಗೆ ನೋಡಿ. ಎಷ್ಟೋ ಸಲ ವಿಂಡೋಸ್ ಅದನ್ನು ಅಲ್ಲಿಗೆ ಸಾಗಿಸಿರುತ್ತದೆ. ಒನ್‌ಡ್ರೈವ್‌ನಲ್ಲಿ ಮೋಡದ ಗುರುತಿದ್ದ ಫೈಲ್‌ಗಳು ಡಿಸ್ಕ್‌ನಲ್ಲಿ ಇರುವುದೇ ಇಲ್ಲ, ಇಂಟರ್‌ನೆಟ್‌ನಲ್ಲಿ ಇರುತ್ತವೆ. ಅವನ್ನು ಖಾತೆಗೆ ಹೋಗಿ ಇಳಿಸಿಕೊಳ್ಳಬೇಕು.

ಜನ ಮರೆಯುವುದು ಇವನ್ನು: ಸಿ ಡ್ರೈವ್‌ನಲ್ಲಿ ನೇರ ಮಾಡಿಟ್ಟ ಫೋಲ್ಡರ್‌ಗಳು, ಔಟ್‌ಲುಕ್‌ನ ಇಮೇಲ್‌ಗಳಿರುವ ಪಿಎಸ್‌ಟಿ ಫೈಲ್, ಪಬ್ಲಿಕ್ ಫೋಲ್ಡರ್‌ನಲ್ಲಿರುವ ಟ್ಯಾಲಿ ಡೇಟಾ, ಫಾಂಟ್‌ಗಳು. ನಕಲು ಮಾಡಿ, ಕಟ್ ಮಾಡಬೇಡಿ. ಕರೆಂಟ್ ಹೋಗುವ ಸಮಯ ನೋಡಿಕೊಂಡು, ಬ್ಯಾಟರಿ ತುಂಬಿಸಿಕೊಂಡು ಶುರು ಮಾಡಿ. ಲ್ಯಾಪ್‌ಟಾಪ್ ನಿದ್ರೆಗೆ ಹೋಗದಂತೆ ಸ್ಲೀಪ್ ಆಫ್ ಮಾಡಿ. ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಫೈಲ್‌ಗಳ ಸಂಖ್ಯೆ ಹೋಲಿಸಿ. ಕೆಲವು ಫೋಟೊ, ಕೆಲವು ಲೆಕ್ಕದ ಫೈಲ್ ತೆರೆದೂ ನೋಡಿ.

ಹಂತ 6: ಒಳಗೆ ಕೂರಿಸುವುದು

ಡಿಸ್ಕ್ ಆರೋಗ್ಯವಾಗಿದೆ, ಜಾಗವೂ ಇದೆ ಅಂದರೆ ಎರಡನೇ ಡಿಸ್ಕ್ ಆಗಿ ಕೂರಿಸಬಹುದು. ಹಳೆಯ ಸಾಟಾ ಡಿಸ್ಕ್ ಹೊಸ ಸಾಟಾ ಕಂಡಿಗೆ ಹೊಂದುತ್ತದೆ, ವೇಗದ ತಲೆಮಾರು ಬೇರೆ ಇದ್ದರೂ ತೊಂದರೆ ಇಲ್ಲ. ಡಿಸ್ಕ್ ಅನ್ನು ಕನೆಕ್ಟರ್‌ಗೆ ಅಡ್ಡಕ್ಕೆ ತಳ್ಳಿ, ಪೂರ್ತಿ ಕೂತ ಮೇಲೆ ಸ್ಕ್ರೂ ಹಾಕಿ. ಅತಿಯಾಗಿ ಬಿಗಿಯಬೇಡಿ. ಬ್ಯಾಟರಿ ಕನೆಕ್ಟರ್ ಕೊನೆಗೆ.

ಹಳೆಯ ಡಿಸ್ಕ್‌ನಲ್ಲೂ ವಿಂಡೋಸ್ ಇರುವುದರಿಂದ ಯಂತ್ರ ಗೊಂದಲಕ್ಕೆ ಬೀಳಬಹುದು. ಬಯಾಸ್‌ಗೆ ಹೋಗಿ ಬೂಟ್ ಸಾಲಿನಲ್ಲಿ (ಯಾವ ಡಿಸ್ಕ್‌ನಿಂದ ಮೊದಲು ಏಳಬೇಕು ಎಂಬ ಪಟ್ಟಿ) ಹೊಸ ಎಸ್‌ಎಸ್‌ಡಿಯನ್ನು ಮೊದಲು ಇಡಿ. ಬಯಾಸ್ ಅಂದರೆ ವಿಂಡೋಸ್ ಏಳುವ ಮೊದಲು ಯಂತ್ರವನ್ನು ನಡೆಸುವ ಮೂಲ ಸೆಟ್ಟಿಂಗ್. ಆನ್ ಮಾಡಿದ ಕೂಡಲೇ ಡೆಲ್, ಏಸರ್, ಆಸುಸ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಮಾಡೆಲ್ ನೋಡಿಕೊಂಡು ಎಫ್1 ಅಥವಾ ಎಫ್2 ಒತ್ತುತ್ತಿರಿ.

ಹಂತ 7: ಹಳೆಯ ವಿಂಡೋಸ್‌ನಿಂದಲೇ ಏಳಿಸಬೇಕು ಅನ್ನುವವರಿಗೆ

ಅದೇ ಮಾಡೆಲ್‌ನ ಲ್ಯಾಪ್‌ಟಾಪ್ ತಂದಿದ್ದರೆ ಇದು ಸುಲಭ, ಹಾಕಿದ ಕೂಡಲೇ ನಡೆಯುವ ಸಾಧ್ಯತೆ ಜಾಸ್ತಿ. ಬೇರೆ ಮಾಡೆಲ್ ಆದರೆ ವಿಂಡೋಸ್ 10 ಮತ್ತು 11 ಎಷ್ಟೋ ಸಲ ತಾವೇ ಹೊಂದಿಕೊಳ್ಳುತ್ತವೆ. ವಿಂಡೋಸ್ 7 ಹೊಂದಿಕೊಳ್ಳುವುದು ಅಪರೂಪ. ಅದರ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ. ವಿಂಡೋಸ್ 10ರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬ್ಯಾಂಕ್ ಕೆಲಸ, ಜಿಎಸ್‌ಟಿ ಕೆಲಸ ಮಾಡುವ ಯಂತ್ರದಲ್ಲಿ ಅದನ್ನೇ ಮುಂದುವರಿಸಲು ಇಷ್ಟು ಕಷ್ಟಪಡಬೇಕಾ, ಯೋಚಿಸಿ.

ಅಡ್ಡಿಗಳು ಸಾಮಾನ್ಯವಾಗಿ ಮೂರು. "ಬೂಟ್ ಡಿವೈಸ್ ಇಲ್ಲ" ಅಂದರೆ ಹಳೆಯ ವಿಂಡೋಸ್ ಲೆಗಸಿ ಎಂಬ ಹಳೆಯ ಬೂಟ್ ಪದ್ಧತಿಯಲ್ಲಿ ಹಾಕಿದ್ದಿರಬಹುದು. ಹೊಸ ಯಂತ್ರ ಯುಇಎಫ್‌ಐ ಎಂಬ ಹೊಸ ಪದ್ಧತಿಯನ್ನು ಮಾತ್ರ ಒಪ್ಪುತ್ತದೆ. ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಲೆಗಸಿ ಆಯ್ಕೆಯನ್ನೇ ತೆಗೆದುಬಿಟ್ಟಿದ್ದಾರೆ. ನೀಲಿ ಪರದೆ ಬಂದು "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಅಂದರೆ ಡಿಸ್ಕ್ ಜೊತೆ ಮಾತಾಡುವ ಬಗೆ ಬೇರೆಯಾಗಿದೆ. ಹಳೆಯದು ಎಎಚ್‌ಸಿಐ, ಹೊಸದು ಇಂಟೆಲ್‌ನ ವಿಎಂಡಿ ಅಥವಾ ರೇಡ್ ಇರಬಹುದು. ಬಯಾಸ್‌ನಲ್ಲಿ ಅದನ್ನು ಬದಲಿಸಿದರೆ ಹಳೆಯದು ಏಳಬಹುದು, ಆದರೆ ಹೊಸ ಎಸ್‌ಎಸ್‌ಡಿಯ ವಿಂಡೋಸ್ ಏಳುವುದು ನಿಲ್ಲುತ್ತದೆ. ಮೂಲ ಸೆಟ್ಟಿಂಗ್‌ನ ಫೋಟೊ ತೆಗೆದಿಟ್ಟುಕೊಂಡೇ ಕೈ ಹಾಕಿ. ಇನ್ನೊಂದು ಅಪಾಯ: ಬಯಾಸ್ ಬದಲಾವಣೆ ಕಂಡರೆ ಹೊಸ ಲ್ಯಾಪ್‌ಟಾಪ್‌ನ ಬಿಟ್‌ಲಾಕರ್ ಕೂಡ ಕೀ ಕೇಳುತ್ತದೆ. ಅದರ ಕೀ ಮೊದಲೇ ಬರೆದುಕೊಳ್ಳಿ.

ಮೂರನೆಯದು ಲೈಸೆನ್ಸ್. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ಲೈಸೆನ್ಸ್ ಆ ಮದರ್‌ಬೋರ್ಡ್‌ಗೇ ಸೇರಿದ್ದು, ಡಿಸ್ಕ್ ಜೊತೆ ಬರುವುದಿಲ್ಲ. ಬೇರೆಯಾಗಿ ಕೊಂಡ ರಿಟೇಲ್ ಲೈಸೆನ್ಸ್ ಮಾತ್ರ ಸಾಗಿಸಬಹುದು. ಹೊಸ ಲ್ಯಾಪ್‌ಟಾಪ್‌ಗೆ ಅದರದೇ ಲೈಸೆನ್ಸ್ ಇದ್ದು, ಹಳೆಯ ಡಿಸ್ಕ್‌ನಲ್ಲೂ ಅದೇ ಹೋಮ್ ಅಥವಾ ಪ್ರೊ ಆವೃತ್ತಿ ಇದ್ದರೆ ಸಾಮಾನ್ಯವಾಗಿ ತೊಂದರೆ ಆಗದು.

ಉಬುಂಟು ಥರದ ಲಿನಕ್ಸ್ ಬಳಸುವವರಿಗೆ ಇಷ್ಟು ತಲೆನೋವಿಲ್ಲ. ಬೂಟ್ ಪದ್ಧತಿ ಹೊಂದಿದರೆ ಹೆಚ್ಚಾಗಿ ಹಾಗೇ ಏಳುತ್ತದೆ.

ಹಂತ 8: ನುಡಿ, ಬರಹ, ಟ್ಯಾಲಿ

ಹಳೆಯ ಕನ್ನಡ ಫೈಲ್ ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸು ಕಂಡರೆ ಫೈಲ್ ಕೆಟ್ಟಿದೆ ಅಂತ ಅಳಿಸಬೇಡಿ. ಅದನ್ನು ಯುನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ ಅಷ್ಟೇ. ಆ ಫೈಲ್‌ನಲ್ಲಿ ಇರುವುದು ನಿಜಕ್ಕೂ ಇಂಗ್ಲಿಷ್ ಸಂಕೇತಗಳೇ, ಫಾಂಟ್ ಅವಕ್ಕೆ ಕನ್ನಡದ ರೂಪ ಕೊಡುತ್ತಿತ್ತು. ಹಳೆಯ ಡಿಸ್ಕ್‌ನ ವಿಂಡೋಸ್ ಫೋಲ್ಡರ್‌ನಲ್ಲಿ ಫಾಂಟ್ಸ್ ಎಂಬ ಫೋಲ್ಡರ್ ಇದೆ. ಅಲ್ಲಿಂದ ಆ ಫಾಂಟ್‌ಗಳನ್ನು ನಕಲು ಮಾಡಿ ಹೊಸದರಲ್ಲಿ ಇನ್‌ಸ್ಟಾಲ್ ಮಾಡಿ. ಕನ್ನಡ ಮರಳಿ ಬರುತ್ತದೆ. ಪುರುಸೊತ್ತು ಸಿಕ್ಕಾಗ ನುಡಿ, ಬರಹದ ಪರಿವರ್ತಕಗಳಿಂದ ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ. ಪಂಚಾಯಿತಿ, ಶಾಲೆ, ಸಂಘಗಳ ಹಳೆಯ ಕಡತಗಳು ಹೀಗೇ ಉಳಿಯಬೇಕು. ಸುಮ್ನೆ ಬಿಟ್ಟರೆ ಫಾಂಟ್ ಕಳೆದ ದಿನ ಅವೂ ಕಳೆದಂತೆ.

ಟ್ಯಾಲಿಯ ಡೇಟಾ ಫೋಲ್ಡರ್‌ನಲ್ಲಿ ಪ್ರತಿ ಕಂಪನಿಗೂ 10000, 10001 ಎಂಬಂಥ ಸಂಖ್ಯೆಯ ಫೋಲ್ಡರ್ ಇರುತ್ತದೆ. ಸಂಖ್ಯೆ ಬದಲಿಸದೆ ಇಡೀ ಡೇಟಾ ಫೋಲ್ಡರ್ ಹೊಸದಕ್ಕೆ ನಕಲು ಮಾಡಿ, ಟ್ಯಾಲಿಯಲ್ಲಿ ಆ ದಾರಿ ತೋರಿಸಿ. ಹೊಸ ಆವೃತ್ತಿ ಡೇಟಾವನ್ನು ಮೈಗ್ರೇಟ್ ಮಾಡಲು ಕೇಳಿದರೆ, ಮೊದಲು ಇನ್ನೊಂದು ಪ್ರತಿ ಪಕ್ಕಕ್ಕಿಡಿ. ತಂತ್ರಾಂಶದ ಫೋಲ್ಡರ್‌ಗಳನ್ನು ಮಾತ್ರ ನಕಲು ಮಾಡಬೇಡಿ. ಫೋಟೊಶಾಪ್ ಇರಲಿ, ಆಫೀಸ್ ಇರಲಿ, ಪ್ರಿಂಟರ್ ಡ್ರೈವರ್ ಇರಲಿ, ಎಲ್ಲವನ್ನೂ ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು.

ಹಂತ 9: ಹಳೆಯ ಡಿಸ್ಕ್ ಏನು ಮಾಡಬೇಕು?

ಕೂಡಲೇ ಫಾರ್ಮ್ಯಾಟ್ ಮಾಡಬೇಡಿ. ಒಂದು ತಿಂಗಳ ಲೆಕ್ಕ ಮುಗಿದು, ರಿಟರ್ನ್ ಸಲ್ಲಿಸಿ, ಏನೂ ಬಿಟ್ಟುಹೋಗಿಲ್ಲ ಅಂತ ಗೊತ್ತಾಗುವ ತನಕ ಹಾಗೇ ಇರಲಿ. ಅದೇ ಡಿಸ್ಕ್ ಒಂದನ್ನೇ ನಿಮ್ಮ ಬ್ಯಾಕಪ್ ಅಂದುಕೊಳ್ಳಬೇಡಿ. ವರ್ಷಗಳಿಂದ ತಿರುಗಿದ ಡಿಸ್ಕ್ ಅದು. ಮುಖ್ಯ ಫೈಲ್‌ಗಳ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲೋ ಗೂಗಲ್ ಡ್ರೈವ್‌ನಲ್ಲೋ ಇರಲಿ.

ಮಾರುವುದಾದರೆ, ಕೊಡುವುದಾದರೆ ಬರೀ ಡಿಲೀಟ್ ಸಾಲದು. ಕ್ವಿಕ್ ಫಾರ್ಮ್ಯಾಟ್ ಕೂಡ ಸಾಲದು. ಉಚಿತ ರಿಕವರಿ ತಂತ್ರಾಂಶ ಹಾಕಿದವರಿಗೆ ನಿಮ್ಮ ಆಧಾರ್ ಪ್ರತಿ, ಮನೆ ಫೋಟೊ ಎಲ್ಲಾ ಸಿಗುತ್ತವೆ. ಹಾರ್ಡ್ ಡಿಸ್ಕ್ ಆದರೆ ಫಾರ್ಮ್ಯಾಟ್ ಮಾಡುವಾಗ ಕ್ವಿಕ್ ಎಂಬುದರ ಮುಂದಿನ ಗುರುತು ತೆಗೆಯಿರಿ. ಆಗ ವಿಂಡೋಸ್ ಆ ವಿಭಾಗದ ತುಂಬಾ ಸೊನ್ನೆ ಬರೆಯುತ್ತದೆ. ಗಂಟೆಗಳು ಹಿಡಿಯುತ್ತವೆ, ಹಿಡಿಯಲಿ. ಸಿ, ಡಿ ಎಂದು ಎರಡು ವಿಭಾಗ ಇದ್ದರೆ ಎರಡಕ್ಕೂ ಮಾಡಿ. ಎಸ್‌ಎಸ್‌ಡಿ ಆದರೆ ಅದರ ಕಂಪನಿಯೇ ಕೊಡುವ ತಂತ್ರಾಂಶದಲ್ಲಿ ಸೆಕ್ಯೂರ್ ಇರೇಸ್ ಎಂಬ ಆಯ್ಕೆ ಬಳಸಿ. ಓಡದೇ ಇರುವ ಡಿಸ್ಕ್‌ನಲ್ಲೂ ಮಾಹಿತಿ ಇದ್ದೇ ಇರುತ್ತದೆ. ಅದನ್ನು ಗುಜರಿಗೆ ಹಾಕುವ ಮೊದಲು ತಟ್ಟೆಗೆ ಡ್ರಿಲ್ಲಿಂಗ್ ಯಂತ್ರದಿಂದ ಎರಡು ಮೂರು ತೂತು ಹೊಡೆಸಿ. ಕೆಲವು ಡಿಸ್ಕ್‌ಗಳ ತಟ್ಟೆ ಗಾಜಿನದು, ಚೂರು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳನ್ನು ದೂರ ಕಳಿಸಿ.